ಅತ್ತೆಯ ಫೋನು ಯಾರದು

ಗಂಡ ಹೆಂಡತಿ ಬೇರೆಯಾಗುವಾಗ ಮನೆಯ ಸಾಮಾನನ್ನೆಲ್ಲ ಜಗಳವಿಲ್ಲದೆ ಹಂಚಿಕೊಂಡಿದ್ದರು. ಮಂಚ ಅವನಿಗೆ, ಹೊಲಿಗೆ ಯಂತ್ರ ಅವಳಿಗೆ. ಪಾತ್ರೆಗಳನ್ನು ಅವಳು ಮುಟ್ಟಲಿಲ್ಲ, ಏಕೆಂದರೆ ಅವುಗಳಲ್ಲಿ ಅಡುಗೆ ಮಾಡುತ್ತಿದ್ದವರು ಅತ್ತೆ. ಗೋಡೆ ಗಡಿಯಾರವನ್ನು ಅವನು ತಾನಾಗಿಯೇ ಇಳಿಸಿ, ಧೂಳು ಒರೆಸಿ, ಅವಳ ಪೆಟ್ಟಿಗೆಯ ಮೇಲಿಟ್ಟ. ಹಂಚಿಕೆಯಲ್ಲಿ ಯಾರ ನೆನಪಿಗೂ ಬಾರದೆ ಉಳಿದದ್ದು ಅತ್ತೆಯ ಕೈಯಲ್ಲಿದ್ದ ಫೋನು ಒಂದೇ.

ಅತ್ತೆಯನ್ನು ಆ ಬೀದಿಯವರು ಕೊಡೆಯಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆತನ ಕೊಡೆ ರಿಪೇರಿ ಅಂಗಡಿಯನ್ನು ಆಕೆಯೇ ನಡೆಸಿಕೊಂಡು ಬಂದಿದ್ದರು. ಅಂಗಡಿಯೆಂದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಎದ್ದು ನಿಂತರೆ ತಲೆ ತಾಗುತ್ತಿದ್ದುದರಿಂದ ಆಕೆ ಅಲ್ಲಿ ನಿಲ್ಲುವ ಗೋಜಿಗೇ ಹೋಗುತ್ತಿರಲಿಲ್ಲ. ಸುತ್ತ ಮುರಿದ ಕಡ್ಡಿಗಳು, ಕಿತ್ತ ಹಿಡಿಗಳು, ಸ್ಪ್ರಿಂಗು ತುಂಬಿದ ಡಬ್ಬಿಗಳು. ನಡುವೆ ಒಂದು ದಿಂಬಿನ ಮೇಲೆ ಆಕೆ. ಬಡವರು ಬಂದರೆ ಹೊಲಿದುಕೊಟ್ಟು, ಕಾಸು ಬೇಡವೆಂದು ಕೈಬೀಸಿ ಕಳಿಸುತ್ತಿದ್ದರು. ಹೆಸರು ಕೊಡೆಯಮ್ಮನಾದರೂ ಯಾರಿಗೂ ‘ಕೊಡೆ’ ಎಂದವಳಲ್ಲ ಎಂದು ಪಕ್ಕದ ಬೀಗದ ಅಂಗಡಿಯವನು ತಮಾಷೆ ಮಾಡುತ್ತಿದ್ದ.

ಸೊಸೆ ಕೆಲಸಕ್ಕಿದ್ದದ್ದು ಹಲ್ಲಿನ ಸೆಟ್ ತಯಾರಿಸುವ ಒಂದು ಸಣ್ಣ ಲ್ಯಾಬಿನಲ್ಲಿ. ದಂತವೈದ್ಯರು ಕಳಿಸಿದ ಅಳತೆಗೆ ಪ್ಲಾಸ್ಟರಿನ ಅಚ್ಚು ಎರೆಯುವುದು, ಗುಲಾಬಿ ಮೇಣವನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ವಸಡು ತಿದ್ದುವುದು, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುವುದು ಅವಳ ಕೆಲಸ. ಮದುವೆಯಾದ ಮರುವರ್ಷ ಅತ್ತೆಯ ಹಲ್ಲಿನ ಸೆಟ್ಟನ್ನು ಮಾಡಿದವಳೂ ಅವಳೇ. ಮುಂದಿನ ಒಂದು ಹಲ್ಲನ್ನು ಬೇಕೆಂದೇ ಚೂರು ಓರೆಯಾಗಿ ಇಟ್ಟಿದ್ದಳು, ಅತ್ತೆಯ ಸ್ವಂತ ಹಲ್ಲು ಹಾಗೇ ಇತ್ತೆಂದು ಹಳೆಯ ಫೋಟೋ ನೋಡಿ ತಿಳಿದುಕೊಂಡು. ಕನ್ನಡಿಯಲ್ಲಿ ಅದನ್ನು ಕಂಡ ದಿನ ಅತ್ತೆ ಆ ಹಲ್ಲನ್ನು ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿದ್ದರು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು, ನನ್ನ ಹಲ್ಲು ನನ್ನ ಸೊಸೆಯ ಕೈಯಲ್ಲಿದೆ, ಅವಳ ಮೇಲೆ ಹಲ್ಲು ಕಡಿಯುವ ಹಾಗೇ ಇಲ್ಲ ಎಂದು.

ಫೋನು ಬಂದದ್ದು ಅತ್ತೆ ಒಮ್ಮೆ ಅಂಗಡಿಯಲ್ಲಿ ಜಾರಿಬಿದ್ದ ಮೇಲೆ. ಮಧ್ಯಾಹ್ನದ ಹೊತ್ತು ಬೀದಿ ಖಾಲಿ. ಬೀಗದ ಅಂಗಡಿಯವನು ಊಟ ಮುಗಿಸಿ ಬರುವ ತನಕ ಆಕೆ ಕೊಡೆ ಬಟ್ಟೆಗಳ ರಾಶಿಯ ಮೇಲೆ ಹಾಗೇ ಬಿದ್ದಿದ್ದರು. ಮಗ ಪೀಠೋಪಕರಣ ಸಾಗಿಸುವ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಸೊಸೆಯೇ ಆ ವಾರ ಫೋನ್ ಕಂಪನಿಯ ಅಂಗಡಿಗೆ ಹೋಗಿ ಒಂದು ಒಳ್ಳೆಯ ಫೋನು ತಂದಳು. ಎರಡು ವರ್ಷ ತಮ್ಮ ಲೈನನ್ನೇ ಇಟ್ಟುಕೊಳ್ಳುವುದಾಗಿ ಸಹಿ ಹಾಕಿದರೆ ಕಂಪನಿಯವರು ಫೋನಿನ ಬೆಲೆಯಲ್ಲಿ ಹೆಚ್ಚಿನ ಪಾಲನ್ನು ತಾವೇ ಭರಿಸುತ್ತಿದ್ದರು. ಸಹಿ ಅವಳದು, ತಿಂಗಳ ಬಿಲ್ಲು ಅವಳದು, ಕೈ ಅತ್ತೆಯದು.

ಅಂದಿನಿಂದ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಕರೆ ಮಾಡುವುದು ರೂಢಿಯಾಯಿತು. ಹೇಳಿಕೊಳ್ಳುವಂಥ ವಿಷಯವೇನೂ ಇರುತ್ತಿರಲಿಲ್ಲ. ಇವತ್ತು ಒಬ್ಬ ಕೊಡೆ ಬಿಟ್ಟು ಹಿಡಿಯೊಂದನ್ನೇ ತಂದಿದ್ದ ಎಂದು ಅತ್ತೆ, ಇವತ್ತು ಒಬ್ಬರು ಮುದುಕರು ಸಿನಿಮಾ ನಟನ ಫೋಟೋ ಕಳಿಸಿ ಇಂಥದೇ ಹಲ್ಲು ಬೇಕೆಂದಿದ್ದಾರೆ ಎಂದು ಸೊಸೆ.

ಗಂಡ ಹೆಂಡತಿಯ ನಡುವೆ ಮಾತ್ರ ಆ ಹೊತ್ತಿಗೆ ಮಾತು ಬತ್ತಿಹೋಗಿತ್ತು. ಅವನು ಕೆಟ್ಟವನಲ್ಲ. ತಿಂಗಳಲ್ಲಿ ಬಹುಪಾಲು ದಾರಿಯಲ್ಲೇ ಇದ್ದು ಮನೆಗೆ ಬಂದರೆ, ನಿಲ್ದಾಣದಲ್ಲಿ ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಪ್ರಯಾಣಿಕರ ಹಾಗೆ ಸರಿದು ಜಾಗ ಕೊಟ್ಟುಕೊಳ್ಳುತ್ತಿದ್ದರು, ಅಷ್ಟೆ. ಬೇರೆಯಾಗೋಣವೆಂದು ಮೊದಲು ಹೇಳಿದವಳು ಅವಳು. ಅವನು ತಲೆಯಾಡಿಸಿದ. ಅತ್ತೆ ಇಬ್ಬರಿಗೂ ಬುದ್ಧಿ ಹೇಳಲಿಲ್ಲ. ಅವಳು ಹೊರಡುವ ದಿನ ಒಂದು ಹೊಸ ಕೊಡೆ ಮಡಿಸಿ ಕೈಗಿಟ್ಟು ಒಳಗೆ ಹೋಗಿಬಿಟ್ಟರು.

ಅವಳು ಲ್ಯಾಬಿನ ಹತ್ತಿರವೇ ಒಂದು ಕೋಣೆ ಹಿಡಿದಳು. ಮಧ್ಯಾಹ್ನದ ಕರೆ ನಿಲ್ಲಲಿಲ್ಲ, ಆದರೆ ಚಿಕ್ಕದಾಯಿತು. ಊಟ ಆಯ್ತಾ, ಆಯ್ತು, ನಿಮ್ಮದು, ಆಯ್ತು. ಅಲ್ಲಿಂದ ಮುಂದೆ ಎಷ್ಟು ಕೇಳಬಹುದು, ಎಷ್ಟು ಹೇಳಬಹುದು ಎಂಬುದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅವನು ಫೋನ್ ಮಾಡಿ, ಅಮ್ಮನ ಲೈನಿನ ಬಿಲ್ಲನ್ನು ಇನ್ನೂ ನೀನು ಕಟ್ಟುವುದು ಸರಿಯಲ್ಲ, ಅದನ್ನು ಮುಚ್ಚಿಸಿಬಿಡು, ಈ ವಾರವೇ ನನ್ನ ಹೆಸರಿನಲ್ಲಿ ಹೊಸದು ಮಾಡಿಸಿಕೊಡುತ್ತೇನೆ, ಅಮ್ಮನಿಗೂ ನಾನೇ ಹೇಳುತ್ತೇನೆ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೂ ಅವಳಿಗೆ ಎಲ್ಲೋ ಚುರುಕ್ಕೆಂದಿತು. ಅವನ ತಾಯಿ, ಅವನ ಮಾತು. ತಾನು ಅಡ್ಡ ಬರುವುದಕ್ಕೆ ಯಾರು ಎಂದುಕೊಂಡಳು. ಮರುದಿನವೇ ಕಂಪನಿಯ ಅಂಗಡಿಗೆ ಹೋಗಿ, ಅವಧಿಗೆ ಮೊದಲೇ ಕಾಂಟ್ರಾಕ್ಟು ಮುರಿದದ್ದಕ್ಕೆ ಅವರು ಕೇಳಿದ್ದನ್ನು ಕಟ್ಟಿ ಲೈನು ಮುಚ್ಚಿಸಿದಳು.

ಅವನು ಹೇಳಿದ ಆ ವಾರ ಬರಲೇ ಇಲ್ಲ. ಅವನ ಕೆಲಸಗಳೆಲ್ಲ ‘ನಾಳೆ’ ಎಂಬ ಮೊಳೆಗೆ ತಗುಲಿಕೊಂಡಿರುತ್ತಿದ್ದವು. ಲಾರಿಗೆ ದೂರದ ಬಾಡಿಗೆಯೊಂದು ಸಿಕ್ಕಿ ಅವನು ಹೊರಟುಹೋದ, ಲೈನಿನ ವಿಷಯ ತಲೆಯಿಂದ ಹಾರಿಹೋಯಿತು, ತಾಯಿಗೆ ಹೇಳುವುದೂ ಹಾಗೆಯೇ.

ಅತ್ತೆಯ ಫೋನು ಹೀಗೆ ಒಂದು ಮಧ್ಯಾಹ್ನ ಸುಮ್ಮನಾಯಿತು. ಆಕೆ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಸೊಸೆಯ ನಂಬರು ಒತ್ತಿದರು. ಈ ಸೇವೆ ಸ್ಥಗಿತಗೊಂಡಿದೆ ಎಂದು ಯಾವುದೋ ಹೆಣ್ಣಿನ ದನಿ ಹೇಳಿತು. ಮತ್ತೆ ಒತ್ತಿದರು, ಮತ್ತೆ ಅದೇ. ಬೀಗದ ಅಂಗಡಿಯವನು ನೋಡಿ, ಲೈನು ಯಾರ ಹೆಸರಿನಲ್ಲಿದೆಯೋ ಅವರೇ ಮುಚ್ಚಿಸಿದ್ದಾರೆ ಎಂದ. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಅವಳ ಹೆಸರು, ಅವಳ ಹಣ, ಮುಚ್ಚಲಿ ಬಿಡು ಎಂದು ತಮಗೆ ತಾವೇ ಹೇಳಿಕೊಂಡರು. ಬೀಗದವನ ಫೋನಿನಿಂದ ಕರೆ ಮಾಡಬಹುದಿತ್ತು. ಬಾಗಿಲು ಹಾಕಿಕೊಂಡವರ ಕಿಟಕಿ ಬಡಿಯುವುದು ಯಾಕೆ ಎಂದು ಮಾಡಲಿಲ್ಲ.

ಇತ್ತ ಸೊಸೆ ಹೊಸ ನಂಬರಿನಿಂದ ಕರೆ ಬರಬಹುದೆಂದು ಮೇಜಿನ ಮೇಲೆ, ಅಚ್ಚುಗಳ ನಡುವೆ, ಫೋನನ್ನು ಮುಖ ಮೇಲಾಗಿ ಇಟ್ಟುಕೊಂಡು ಕಾದಳು. ಬರಲಿಲ್ಲ. ಅವನಿಗೆ ಕೇಳೋಣವೆಂದರೆ ಬಿಟ್ಟ ಗಂಡನನ್ನು ಕೆದಕಿದ ಹಾಗೆ. ಮಗ ಬೇಡವೆಂದಿರಬೇಕು, ಅಥವಾ ಅತ್ತೆಗೇ ಸಾಕಾಗಿರಬೇಕು ಎಂದು ತೀರ್ಮಾನಿಸಿಕೊಂಡು ಮಧ್ಯಾಹ್ನಗಳಲ್ಲೂ ಕೆಲಸ ಮಾಡತೊಡಗಿದಳು. ಆ ದಿನಗಳಲ್ಲಿ ಅವಳು ಕೂರಿಸಿದ ಹಲ್ಲುಗಳು ಎಷ್ಟು ನೇರವಾಗಿದ್ದವೆಂದರೆ ಲ್ಯಾಬಿನ ಮಾಲೀಕರು ಒಂದೆರಡನ್ನು ವಾಪಸು ಕೊಟ್ಟು, ಇದು ಮನುಷ್ಯರ ಬಾಯಿಗೆ ಕಣಮ್ಮ, ಸ್ವಲ್ಪ ಜೀವ ಇರಲಿ ಎಂದರು.

ಕೊನೆಗೂ ಮಗ ಊರಿಗೆ ಬಂದಾಗ ಸತ್ತ ಫೋನು ಅವನ ಕಣ್ಣಿಗೆ ಬಿತ್ತು. ಆಗ ಅವನಿಗೆ ಎಲ್ಲವೂ ನೆನಪಾಯಿತು. ಮರೆತೆನೆಂದು ತಾಯಿಯ ಮುಂದೆ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗಿ, ಬಾಯಿಗೆ ಬಂದದ್ದನ್ನು ಹೇಳಿದ. ಕಾಂಟ್ರಾಕ್ಟು ಮುರಿದ ಮೇಲೆ ಈ ಫೋನು ಕಂಪನಿಯದೇ ಆಗಿರಬೇಕು, ಇಟ್ಟುಕೊಂಡರೆ ಅವಳಿಗೆ ನೋಟಿಸು ಬಂದರೂ ಬರಬಹುದು ಎಂದು. ಹೇಳಿ ಸ್ನಾನಕ್ಕೆ ಹೋದ.

ಅತ್ತೆಗೆ ಆ ಮಾತು ಮುಳ್ಳಿನ ಹಾಗೆ ನಾಟಿತು. ಮುನಿಸು ಬೇರೆ, ತನ್ನಿಂದ ಆ ಹುಡುಗಿಗೆ ನೋಟಿಸು ಬರುವುದು ಬೇರೆ. ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಫೋನನ್ನು ಒರೆಸಿ, ಅದು ಬಂದಿದ್ದ ಡಬ್ಬಿಯಲ್ಲೇ ಇಟ್ಟು, ಚಾರ್ಜರಿನ ವೈರನ್ನು ದಾರ ಸುತ್ತಿದ ಹಾಗೆ ಸುತ್ತಿ, ಬಸ್ಸು ಹತ್ತಿ ಲ್ಯಾಬಿಗೆ ಬಂದರು.

ಸೊಸೆ ಆಗ ಒಂದು ಕೆಳದವಡೆಗೆ ಮೇಣ ತಿದ್ದುತ್ತಿದ್ದಳು. ಬಾಗಿಲಲ್ಲಿ ಅತ್ತೆಯನ್ನು ಕಂಡು ಎದ್ದವಳಿಗೆ ಕೈಯಲ್ಲಿದ್ದ ಚಾಕು ಎಲ್ಲಿಡಬೇಕೆಂದು ತೋಚಲಿಲ್ಲ. ಅತ್ತೆ ಇಳಿದುಹೋಗಿದ್ದರು. ಕೆನ್ನೆ ತಗ್ಗಿ, ಸೆಟ್ಟು ಸಡಿಲವಾಗಿರುವುದು ಮಾತಾಡುವ ಮೊದಲೇ ಅವಳಿಗೆ ಗೊತ್ತಾಯಿತು. ಅತ್ತೆ ಡಬ್ಬಿಯನ್ನು ಪ್ಲಾಸ್ಟರಿನ ಪುಡಿಯಿಲ್ಲದ ಜಾಗ ಹುಡುಕಿ ಮೇಜಿನ ಮೇಲಿಟ್ಟರು.

“ಇದು ಕಂಪನಿಯವರದಂತೆ. ನಿನಗೆ ತೊಂದರೆ ಆಗಬಾರದು, ವಾಪಸು ಕೊಟ್ಟುಬಿಡು,” ಎಂದರು.

ಸೊಸೆ ಡಬ್ಬಿಯನ್ನು ಮುಟ್ಟಲಿಲ್ಲ. ಕಂಪನಿಗೆ ಕೊಡಬೇಕಾದ್ದನ್ನು ಆಗಲೇ ಕೊಟ್ಟಾಗಿದೆ, ಫೋನು ನಿಮ್ಮದೇ ಎಂದಳು. ಸಹಿ ನಿನ್ನದು, ಹಾಗಾದರೆ ಫೋನು ನಿನ್ನದು ಎಂದರು ಅತ್ತೆ. ಅವಳು ಅತ್ತ ತಳ್ಳಿದಳು, ಇವರು ಇತ್ತ ತಳ್ಳಿದರು. ನಡುವೆ ಒಣಗಲು ಇಟ್ಟಿದ್ದ ಯಾರದೋ ಮೇಲ್ದವಡೆ ಬಿದ್ದುಹೋಗುವುದರಲ್ಲಿತ್ತು. ಮಾಲೀಕರು ಅದನ್ನು ಎತ್ತಿಕೊಂಡು, ಕಂಪನಿಯ ಅಂಗಡಿ ಎರಡು ಬೀದಿ ಆಚೆ ಇದೆ, ಇಬ್ಬರೂ ಹೋಗಿ ಕೇಳಿಕೊಂಡು ಬನ್ನಿ, ನನ್ನ ಗಿರಾಕಿಗಳ ಹಲ್ಲು ಉಳಿಸಿ ಎಂದರು.

ದಾರಿಯುದ್ದಕ್ಕೂ ಇಬ್ಬರೂ ಒಂದು ಮಾರು ಅಂತರ ಬಿಟ್ಟು ನಡೆದರು. ರಸ್ತೆ ದಾಟುವಾಗ ಮಾತ್ರ ಸೊಸೆಯ ಕೈ ತಾನಾಗಿಯೇ ಹೋಗಿ ಅತ್ತೆಯ ಮೊಣಕೈ ಹಿಡಿಯಿತು. ಆಚೆ ಬದಿ ತಲುಪಿದ ಮೇಲೆ ಇಬ್ಬರಿಗೂ ಮುಜುಗರವಾಗಿ, ಕೈ ಬಿಟ್ಟುಹೋಯಿತು.

ಅಂಗಡಿಯಲ್ಲಿ ಟೋಕನ್ ತೆಗೆದುಕೊಂಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾದರು. ಕೌಂಟರಿನ ಹೆಂಗಸು ಇವರಷ್ಟೇ ದಣಿದಿದ್ದಳು. ಶೀತದಿಂದ ಮೂಗು ಕೆಂಪಾಗಿತ್ತು. ಫೋನನ್ನು ತಿರುಗಿಸಿ ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ಸಮಾಧಾನದಿಂದಲೇ ಬಿಡಿಸಿ ಹೇಳಿದಳು. ಫೋನು ಅಗ್ಗವಾಗಿ ಕೊಟ್ಟದ್ದು ಎರಡು ವರ್ಷ ಲೈನು ಇರುತ್ತದೆಂಬ ನಂಬಿಕೆಯ ಮೇಲೆ. ಮಧ್ಯದಲ್ಲಿ ಬಿಟ್ಟರೆ ಆ ಮಿಕ್ಕ ಪಾಲನ್ನೇ ಕಂಪನಿ ಶುಲ್ಕವಾಗಿ ವಸೂಲು ಮಾಡುತ್ತದೆ. ಇವರು ಅದನ್ನು ಕಟ್ಟಿದ್ದಾರೆ. ಇನ್ನು ಕಂಪನಿಗೂ ಈ ಫೋನಿಗೂ ಋಣ ತೀರಿತು, ಯಾವ ನೋಟಿಸೂ ಬರುವುದಿಲ್ಲ. ಬೇರೆ ಲೈನು ಹಾಕದ ಹಾಗೆ ಒಳಗೆ ಒಂದು ಬೀಗವಿದೆ, ಯಜಮಾನರು ಕೇಳಿದರೆ ಅದನ್ನೂ ತೆಗೆದುಕೊಡುತ್ತೇವೆ.

“ಯಜಮಾನರು ಅಂದರೆ?” ಎಂದು ಅತ್ತೆ ಕೇಳಿದರು.

“ಸಹಿ ಹಾಕಿದವರು. ಇವರು.”

ಅತ್ತೆ ಗೆದ್ದವರ ಹಾಗೆ ಫೋನನ್ನು ಸೊಸೆಯ ಕಡೆ ಸರಿಸಿದರು. ಸೊಸೆ ಕೌಂಟರಿನವಳಿಗೆ, ನನ್ನ ಫೋನನ್ನು ನಾನು ಯಾರಿಗೆ ಬೇಕಾದರೂ ಕೊಡಬಹುದಲ್ಲ, ಇವರಿಗೆ ಕೊಟ್ಟಿದ್ದೇನೆ, ಬೀಗ ತೆಗೆದು ಇವರ ಹೆಸರಿಗೆ ಲೈನು ಮಾಡಿ ಎಂದಳು. ಕೌಂಟರಿನವಳು ಮೂಗು ಒರೆಸಿಕೊಂಡು ಸಹಜವಾಗಿ ಕೇಳಿದಳು:

“ಇವರು ನಿಮಗೆ ಏನಾಗಬೇಕು?”

“ಅತ್ತೆ,” ಎಂದಳು ಸೊಸೆ.

“ಏನೂ ಆಗಬೇಕಿಲ್ಲ,” ಎಂದರು ಅತ್ತೆ.

ಎರಡೂ ಮಾತು ಒಟ್ಟಿಗೇ ಬಂದವು. ಕೌಂಟರಿನವಳು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಆಕೆ ಜಾಣೆ. ಬೀಗ ತೆಗೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಹೊರಗೆ ಬೆಂಚಿದೆ, ಕೂತಿರಿ, ಕರೆಯುತ್ತೇನೆ ಎಂದಳು.

ಬೆಂಚಿನ ಮೇಲೆ ಇಬ್ಬರ ನಡುವೆ ಖಾಲಿ ಡಬ್ಬಿ ಕೂತಿತ್ತು. ಎದುರಿನ ಅಂಗಡಿಯವನು ಗಾಜು ತೊಳೆಯುತ್ತಿದ್ದ. ಸೊಸೆಗೆ ಅಳು ಬಂದು, ಅದನ್ನು ಕೋಪವೆಂದು ತೋರಿಸುವುದೇ ಸುಲಭವೆನಿಸಿತು.

“ಏನೂ ಆಗಬೇಕಿಲ್ಲ ಅಂದ್ರಲ್ಲ ಅತ್ತೆ. ಅಷ್ಟು ಬೇಗ?”

“ಲೈನು ಮುಚ್ಚಿಸಿದೋಳು ನೀನು. ಒಂದು ಮಾತು ಹೇಳದೆ. ತುತ್ತು ಕೈಯಲ್ಲಿತ್ತು ನನಗೆ,” ಎಂದರು ಅತ್ತೆ. ದನಿಯಲ್ಲಿ ದೂರು ಇರಲಿಲ್ಲ, ನಡೆದದ್ದನ್ನು ಹೇಳಿದ ಹಾಗಿತ್ತು.

ಸೊಸೆ ಅವರನ್ನೇ ನೋಡಿದಳು. ಆಮೇಲೆ ನಿಧಾನವಾಗಿ, ಅವನು ಫೋನ್ ಮಾಡಿದ್ದು, ಮುಚ್ಚಿಸು ಎಂದದ್ದು, ಹೊಸ ಲೈನು ತಾನೇ ಮಾಡಿಸುವುದಾಗಿಯೂ ಅಮ್ಮನಿಗೆ ತಾನೇ ಹೇಳುವುದಾಗಿಯೂ ಮಾತು ಕೊಟ್ಟದ್ದು, ತಾನು ದಿನಾ ಮಧ್ಯಾಹ್ನ ಕಾದದ್ದು ಎಲ್ಲವನ್ನೂ ಹೇಳಿದಳು. ಕೇಳಿ ಮುಗಿದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಸೊಸೆ ಗಾಬರಿಯಾದರೆ, ಆಕೆ ನಗುತ್ತಿದ್ದರು.

ಅವನನ್ನು ಹೆತ್ತದ್ದೂ ಹಾಗೇ ಕಣೇ, ಇವತ್ತು ನಾಳೆ ಇವತ್ತು ನಾಳೆ ಅಂತ ವಾರಗಟ್ಟಲೆ ಕಾಯಿಸಿ ಹುಟ್ಟಿದ ಎಂದರು. ನಗು ಇಬ್ಬರಿಗೂ ಹತ್ತಿಕೊಂಡಿತು. ನಗುವಾಗ ಅತ್ತೆಯ ಸೆಟ್ಟು ಜಾರಿ, ಆಕೆ ಅಂಗೈಯಿಂದ ಬಾಯಿ ಹಿಡಿದುಕೊಂಡರು.

ನಗು ಆರಿದ ಮೇಲೆ ಅತ್ತೆ ಸೆಟ್ಟನ್ನು ಸರಿಮಾಡಿಕೊಂಡರು.

“ಲೈನಿನ ಸಿಟ್ಟಿಗೆ ಮಾತ್ರ ಹಾಗಂದಿದ್ದಲ್ಲ. ನೀನಿನ್ನೂ ಚಿಕ್ಕೋಳು. ನಾಳೆ ಇನ್ನೊಂದು ಮನೆ ಸೇರಬಹುದು. ಹಳೇ ಅತ್ತೆನ ಬೆನ್ನಿಗೆ ಕಟ್ಟಿಕೊಂಡು ಯಾರ ಮನೆಗೆ ಹೋಗ್ತೀಯ? ಬೇಡ ಅನ್ನೋದನ್ನ ನಾನೇ ಹೇಳಿಬಿಟ್ಟರೆ ನಿನಗೆ ಹೇಳೋ ಕಷ್ಟ ಇರಲ್ಲ ಅಂದ್ಕೊಂಡೆ.”

“ನಾನು ಬಿಟ್ಟಿದ್ದು ನಿಮ್ಮ ಮಗನನ್ನ,” ಎಂದಳು ಸೊಸೆ. “ನಿಮ್ಮನ್ನ ಬಿಡ್ತೀನಿ ಅಂತ ಎಲ್ಲೂ ಸಹಿ ಹಾಕಿಲ್ಲ.”

ಅತ್ತೆ ನಡುವೆ ಇದ್ದ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಆ ಜಾಗಕ್ಕೆ ಸರಿದು ಕೂತರು.

ಒಳಗಿನಿಂದ ಕರೆ ಬಂತು. ಬೀಗ ತೆಗೆದಾಗಿತ್ತು. ಕೌಂಟರಿನವಳು ಕೆಲಸದ ಧರ್ಮವೆಂದು, ಅಮ್ಮ, ಇದು ಹಳೆಯದಾಯಿತು, ಎರಡು ವರ್ಷಕ್ಕೆ ಸಹಿ ಹಾಕಿದರೆ ಹೊಚ್ಚ ಹೊಸದು ಅಗ್ಗವಾಗಿ ಕೊಡುತ್ತೇವೆ ಎಂದಳು. ಈ ವಯಸ್ಸಿನಲ್ಲಿ ಎರಡು ವರ್ಷದ ಮಾತು ಕೊಟ್ಟು, ಮಧ್ಯದಲ್ಲಿ ನಾನೇ ಮುರಿದರೆ ಶುಲ್ಕ ಯಾರ ಹತ್ತಿರ ವಸೂಲು ಮಾಡುತ್ತೀಯಮ್ಮ ಎಂದರು ಅತ್ತೆ. ಕೌಂಟರಿನವಳು ನಕ್ಕು, ಕೆಮ್ಮಿ, ಯಾವ ಕರಾರೂ ಇಲ್ಲದ, ಮೊದಲೇ ದುಡ್ಡು ಹಾಕಿ ಮಾತಾಡುವ ಸಾದಾ ಲೈನು ಮಾಡಿಕೊಟ್ಟಳು. ಅತ್ತೆಯ ಹೆಸರಿನಲ್ಲಿ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಫೋನಾಯಿತು. ಸಹಿ ಮಾಡುವಾಗ ಆಕೆ ನಾಲಿಗೆ ಕಚ್ಚಿಕೊಂಡು, ಕೊಡೆಗೆ ಕೊನೆಯ ಹೊಲಿಗೆ ಹಾಕುವಷ್ಟು ನಿಗಾ ವಹಿಸಿದರು.

ಆದರೆ ಬಿಟ್ಟಿ ತೆಗೆದುಕೊಳ್ಳುವ ಜನ ಅವರಲ್ಲ. ಲ್ಯಾಬಿಗೆ ಮರಳಿದ ಮೇಲೆ ಬಾಗಿಲ ಹಿಂದೆ ಮೂಲೆಯಲ್ಲಿ ಬಿದ್ದಿದ್ದ ಮುರುಕು ಕೊಡೆಗಳು ಅವರ ಕಣ್ಣಿಗೆ ಬಿದ್ದವು. ಮಾಲೀಕರನ್ನು ಕೇಳದೆಯೇ ಎಲ್ಲವನ್ನೂ ಕಂಕುಳಲ್ಲಿ ಇರುಕಿಕೊಂಡರು. ಸೊಸೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸೆಟ್ಟು ತೆಗೆಸಿ, ಸಡಿಲವಾದ ಕಡೆ ಒಳಪದರ ತುಂಬಿ, ಉಜ್ಜಿ, ಬಾಯಿಗಿಟ್ಟು, ಕಚ್ಚಿ, ಇನ್ನೊಮ್ಮೆ ಕಚ್ಚಿ ಎಂದು ನೋಡಿದಳು. ಅತ್ತೆ ಕಣ್ಣು ಮುಚ್ಚಿ ಅವಳ ಬೆರಳಿಗೆ ಮುಖ ಒಪ್ಪಿಸಿ ಕೂತಿದ್ದರು.

ಆ ಸಂಜೆ ಅತ್ತೆ ಮಗನಿಗೆ ಊಟ ಬಡಿಸಿ, ಎದುರಿಗೆ ಕೂತು, ನಡೆದದ್ದನ್ನು ಕೇಳಿದರು. ಅವನು ತುತ್ತು ಕೆಳಗಿಟ್ಟು, ಮರೆತೆ ಅಮ್ಮ, ಹೇಳೋಕೆ ನಾಚಿಕೆ ಆಯ್ತು ಎಂದ. ಆಕೆ ಬೈಯಲಿಲ್ಲ. ನಾಚಿಕೆ ನನ್ನ ಹತ್ತಿರ ಬೇಡ, ಯಾರ ಹತ್ತಿರ ಹೇಳಬೇಕೋ ಅಲ್ಲಿ ಹೇಳು ಎಂದರು. ಎರಡು ದಿನ ಬಿಟ್ಟು ಅವನು ಲಾರಿಯನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ಲ್ಯಾಬಿನ ಬಾಗಿಲಿಗೆ ಬಂದ. ನನ್ನಿಂದ ನೀವಿಬ್ಬರೂ ಸುಮ್ಮನೆ ನೊಂದುಕೊಂಡಿರಿ ಎಂದ. ಸೊಸೆಗೆ ಅವನ ಮೇಲೆ ಸಿಟ್ಟು ಉಳಿದಿರಲಿಲ್ಲ. ಮದುವೆಯಾದಂದಿನಿಂದ ಮನಸ್ಸಿನ ಮಾತೊಂದನ್ನು ಅವನು ತಾನಾಗಿ ಬಂದು ಆಡಿದ್ದು ಅದೇ ಮೊದಲಿರಬೇಕು ಎನಿಸಿ, ಒಂದು ಗಳಿಗೆ ಮನಸ್ಸು ಮೆತ್ತಗಾಯಿತು. ಅಮ್ಮನ ರಕ್ತದೊತ್ತಡದ ಮಾತ್ರೆ ಮುಗಿಯುತ್ತಾ ಬಂದಿದೆ, ಹೋಗುವ ದಾರಿಯಲ್ಲೇ ತೆಗೆದುಕೊಂಡು ಹೋಗಿ, ನಾಳೆ ಅಲ್ಲ ಎಂದಳು. ಅವನು ತಗ್ಗಿಸಿದ ತಲೆಯಲ್ಲೇ ನಕ್ಕು ಹೋದ.

ಮಧ್ಯಾಹ್ನದ ಕರೆಗಳು ಮತ್ತೆ ಉದ್ದವಾದವು. ಋತು ತಿರುಗಿ, ಅಂಗಡಿಗೆ ಬಿಸಿಲಿನ ಕೊಡೆಗಳು ಬರತೊಡಗಿದ್ದವು. ಅಂಥ ಒಂದು ದಿನ ಅತ್ತೆ ಕರೆ ಮಾಡಿ, ಊಟದ ವಿಷಯ ಕೇಳಿ, ಬೀಗದವನ ಮೊಮ್ಮಗಳ ವಿಷಯ ಹೇಳಿ, ಆಮೇಲೆ ಮತ್ತೆ ಊಟ ಆಯ್ತಾ ಎಂದರು. ಏನತ್ತೆ ಎಂದು ಸೊಸೆಯೇ ಕೇಳಬೇಕಾಯಿತು. ಅವನು ಒಬ್ಬಳನ್ನು ಮನೆಗೆ ಕರೆದುಕೊಂಡು ಬಂದಿದ್ದ, ಮದುವೆಯ ಮಾತಿದೆ, ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು ಅಂತ ನಾನೇ ಹೇಳುತ್ತಿದ್ದೇನೆ ಎಂದರು ಅತ್ತೆ.

ಸೊಸೆಗೆ ಒಳಗೆ ಎಲ್ಲೋ ಸಣ್ಣಗೆ ಹಿಂಡಿತು. ಹಿಂಡುವುದೆಂದು ಅವಳು ಎಣಿಸಿರಲಿಲ್ಲ. ಕಿಟಕಿಯ ಕಡೆ ತಿರುಗಿ, ಹೇಗಿದ್ದಾಳೆ ಎಂದು ಕೇಳಿದಳು.

“ಒಳ್ಳೆಯವಳ ಹಾಗೆ ಕಾಣ್ತಾಳೆ. ಮಾತು ಜೋರು. ಅವನಿಗೆ ಅಂಥೋಳೇ ಬೇಕಿತ್ತೇನೋ.”

“ನಿಮ್ಮನ್ನ ಏನಂತ ಕರೀತಾಳೆ?”

“ಇನ್ನೇನಂತ ಕರೀತಾಳೆ, ಅತ್ತೆ ಅಂತಲೇ.” ಆ ಕಡೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. “ಇಬ್ಬರು ಕರೆದರೆ ಸವೆದುಹೋಗಲ್ಲ ಬಿಡು.”

ಸೊಸೆ ನಕ್ಕಳೋ ಅತ್ತಳೋ, ಪಕ್ಕದ ಮೇಜಿನವರಿಗೆ ತಿಳಿಯಲಿಲ್ಲ. ಅತ್ತೆ ಊಟ ಮಾಡುತ್ತಲೇ ಮಾತು ಮುಂದುವರಿಸಿದರು. ಬೆಳಿಗ್ಗೆ ಒಬ್ಬಳು ತಂದ ಲೇಸಿನ ಕೊಡೆಯ ಬಗ್ಗೆ, ಅದಕ್ಕೆ ಹೊಂದುವ ಬಣ್ಣದ ದಾರ ಎಲ್ಲೂ ಸಿಗದ ಬಗ್ಗೆ. ಸೊಸೆ ಹೂಂ ಹೂಂ ಎನ್ನುತ್ತಾ ಕೇಳಿಸಿಕೊಂಡಳು. ದೀಪದ ಪಕ್ಕದಲ್ಲಿ ಅರ್ಧ ತಿದ್ದಿದ ಮೇಣ ಆರಿ ಗಟ್ಟಿಯಾಗುತ್ತಿತ್ತು. ಆದರೆ ಆಗಲಿ, ಮತ್ತೆ ಕಾಯಿಸಿದರಾಯಿತು ಎಂದು ಅವಳು ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು.